ಗದ್ದದ ಮೇಲಿನ ಮೂರು ಬೊಟ್ಟು

"ಯೇ ಮೇರಿ ಮಾ ನಹೀ ಹೈ."

ಇವಳು ನನ್ನ ತಾಯಿಯಲ್ಲ ಎಂದು ಕೌಂಟರಿನ ಮೇಲೆ ಫೋಟೊ ಫ್ರೇಮ್ ಇಡುತ್ತಾ ಒಬ್ಬ ಯುವಕ ಹಿಂದಿಯಲ್ಲಿ ಹೇಳಿದ. ದನಿ ಜೋರಾಗಿರಲಿಲ್ಲ. ಆದರೂ ಒಳಗೆ ಕಂಪ್ಯೂಟರಿನ ಮುಂದೆ ಕುಳಿತಿದ್ದ ಶರ್ವರಿಯ ಕೈ ಮೌಸಿನ ಮೇಲೆ ಹಾಗೇ ನಿಂತಿತು.

ಸ್ಟುಡಿಯೋ ಮಾಲೀಕ ವಾಸುದೇವರಾವ್ ಬಿಲ್ಲು ನೋಡಿದರು. ಹೆಸರು ಯಮುನಾಬಾಯಿ, ಊರು ಕುಷಾಯಿಗೂಡ, ತಂದವನು ಮಗ ಹೇಮಂತ. ಎಲ್ಲವೂ ಸರಿಯಿತ್ತು. "ಅದೇ ಫೋಟೊ ಸಾರ್, ಎಷ್ಟು ಚೆಂದ ಬಂದಿದೆ ನೋಡಿ" ಎಂದು ಹಿಂದಿಯಲ್ಲೇ ಸಮಾಧಾನ ಹೇಳಿದರು.

ಹೇಮಂತ ತನ್ನಷ್ಟಕ್ಕೆ ಗೊಣಗಿದ. ಈ ಸಲ ಕನ್ನಡದಲ್ಲಿ.

"ಕಣ್ಣು ಎಲ್ಲಿ ಇಟ್ಕೊಂಡು ಕೆಲಸ ಮಾಡ್ತಾರೋ ಏನೋ. ಕತ್ತಿ ಕಾಯೋ ಮಂದಿ."

ಶರ್ವರಿ ಎದ್ದು ಹೊರಗೆ ಬಂದಳು.

"ಕತ್ತಿ ಮುಂಜಾನೆನೇ ಮೇಯಾಕ ಬಿಟ್ಟು ಬಂದೀನ್ರಿ. ಈಗ ಫೋಟೊ ತಿದ್ದಾಕತ್ತೀನಿ. ಏನಾಗೇತಿ ಹೇಳ್ರಿ."

ಅವನ ಮುಖ ಕಿವಿಯವರೆಗೂ ಕೆಂಪೇರಿತು. ತೆಲುಗು ನಾಡಿನ ಈ ನಗರದಲ್ಲಿ, ಕೋಠಿಯ ಈ ಗಲ್ಲಿಯಲ್ಲಿ, ಹಳೇ ಪುಸ್ತಕದಂಗಡಿಗಳ ಹಿಂದಿನ ಈ ಮಹಡಿಯಲ್ಲಿ, ತನ್ನ ಕತ್ತೆ ಬೈಗುಳ ಅರ್ಥವಾಗುವವರು ಸಿಗುತ್ತಾರೆಂದು ಅವನು ಎಣಿಸಿರಲಿಲ್ಲ.

"ನೀವು... ಕನ್ನಡದವರೇನ್ರಿ?"

"ನಮ್ಮಪ್ಪಾರು ಬೀದರ್ ಕಡೆಯವರು. ನಾನು ಹುಟ್ಟಿದ್ದು ಕಾಚಿಗೂಡದಾಗ."

"ಹಂಗಾದ್ರ ನೀವ ನೋಡ್ರಿ." ಅವನು ಫೋಟೊದಲ್ಲಿದ್ದ ಹೆಂಗಸಿನ ಗದ್ದದ ಮೇಲೆ ಬೆರಳಿಟ್ಟ. "ಇಲ್ಲಿ ಏನಿತ್ತು?"

ಶರ್ವರಿ ನೋಡಿದಳು. ಗದ್ದ ನುಣುಪಾಗಿತ್ತು. ಎರಡು ದಿನ ಕೂತು ಅವಳೇ ನುಣುಪು ಮಾಡಿದ್ದಳು.

ಅದು ೧೯೮೩ರ ಕಪ್ಪು-ಬಿಳುಪು ಫೋಟೊ. ಅವನ ಅಪ್ಪನ ಕಾರ್ಖಾನೆಯ ನೌಕರರು ಸಂಸಾರ ಸಮೇತ ನಾಗಾರ್ಜುನಸಾಗರಕ್ಕೆ ಹೋದಾಗ ತೆಗೆದದ್ದು. ನಲವತ್ತು ಜನರ ನಡುವೆ, ಮೂರನೇ ಸಾಲಿನಲ್ಲಿ, ಹೆಬ್ಬೆರಳಿನ ಉಗುರಿನಷ್ಟು ಮುಖ. ಅದನ್ನು ಕತ್ತರಿಸಿ, ಹಿಗ್ಗಿಸಿ, ಬಣ್ಣ ತುಂಬಿ, ಪಕ್ಕದವರ ಮೊಣಕೈ ಅಡ್ಡ ಬಂದ ಕಡೆ ಹಸಿರು ಸೀರೆಯ ಸೆರಗು ಹೊದಿಸಿದ್ದಳು. ತನ್ನ ಕೆಲಸಗಳಲ್ಲೆಲ್ಲ ಇದೇ ಚೆಂದವೆಂದು ಅಂದುಕೊಂಡೂ ಇದ್ದಳು.

"ಹಳೇ ಫೋಟೊ ನೋಡ್ರಿ, ಬೂಷ್ಟು ಹಿಡಿದಿತ್ತು. ತುಂಬ ಚುಕ್ಕಿ ಬಿದ್ದಿದ್ವು. ಗದ್ದದ ಮ್ಯಾಲಿನವೂ ಹೊಲಸು ಅಂತ ತಿಳಕೊಂಡು ಅಳಿಸೀನಿ."

'ಹೊಲಸು' ಎಂಬ ಮಾತು ಕೇಳಿದ್ದೇ ಅವನ ಮುಖ ಕಪ್ಪಿಟ್ಟಿತು. ಯಾರೋ ಕಪಾಳಕ್ಕೆ ಹೊಡೆದಂತೆ.

"ಹೊಲಸಲ್ರಿ ಅವು. ಹಚ್ಚಿ ಬೊಟ್ಟು. ಮೂರು ಹಚ್ಚಿ ಬೊಟ್ಟು."

ಶರ್ವರಿಯ ಅಜ್ಜಿಯ ಮುಂಗೈ ತುಂಬ ಹಸಿರು ಹಚ್ಚೆಯಿತ್ತು. ಆ ಬಳ್ಳಿಯ ಎಲೆಗಳನ್ನು ಎಣಿಸುತ್ತಲೇ ಅವಳು ಲೆಕ್ಕ ಕಲಿತದ್ದು. ಬೇರೆ ಯಾರಾದರೂ ಈ ತಪ್ಪು ಮಾಡಿದ್ದರೆ ಒಪ್ಪಬಹುದಿತ್ತು... ನಾನು ಹೇಗೆ ಮಾಡಿದೆ?

"ಇರಲಿ, ಬ್ಯಾಕಪ್ ಇರ್ತದಲ್ರಿ? ಮೊದಲಿನ ಫೈಲ್ ತಗೀರಿ" ಎಂದ ಹೇಮಂತ. ಮಣಿಕೊಂಡದ ಕಡೆ ಸಾಫ್ಟ್‌ವೇರ್ ಕೆಲಸದವನು. ಅವನ ಲೋಕದಲ್ಲಿ ಎಲ್ಲದಕ್ಕೂ ಬ್ಯಾಕಪ್ ಇರುತ್ತಿತ್ತು.

ಇಲ್ಲಿರಲಿಲ್ಲ. ಡಿಸ್ಕಿನಲ್ಲಿ ಜಾಗ ಸಾಲದೆಂದು ವಾಸುದೇವರಾವ್ ಒಂದೇ ಫೈಲಿನ ಮೇಲೆ ತಿದ್ದಿ, ಅದನ್ನೇ ಉಳಿಸುವ ಪದ್ಧತಿ ಮಾಡಿದ್ದರು. ಇನ್ನು ಮೂಲ ಫೋಟೊ... ಅದು ವರ್ಷಗಟ್ಟಲೆ ಹಳೇ ಫ್ರೇಮಿನ ಗಾಜಿಗೆ ಅಂಟಿಕೊಂಡಿತ್ತು. ಗಾಜಿನ ಮೇಲಿನಿಂದಲೇ ಸ್ಕ್ಯಾನ್ ಮಾಡಿದ್ದಾಗಿತ್ತು. ಆಮೇಲೆ ಬಿಡಿಸಲು ಹೋದಾಗ ಮೂರನೇ ಸಾಲಿನ ಪದರ ಚೂರುಚೂರಾಗಿ ಗಾಜಿಗೇ ಅಂಟಿ ಉಳಿದಿತ್ತು. ವಾಸುದೇವರಾವ್ ಆ ಗಾಜನ್ನು ತಂದು ತೋರಿಸಿದರು.

ಹೇಮಂತ ಗಾಜನ್ನು ಕೌಂಟರಿನ ಮೇಲೆ ಮೆಲ್ಲಗೆ ಇಟ್ಟ.

"ಇನ್ನ ಹದಿಮೂರು ದಿನಕ್ಕ ಅವ್ವನ ವರ್ಷದ ಕಾರ್ಯ. ನಿನ್ನೆ ಅಪ್ಪ ಇದನ್ನ ನೋಡಿ ಏನಂದ್ರು ಗೊತ್ತೇನ್ರಿ? 'ಯಾರ ಮನಿ ಹೆಣ್ಮಗಳಪಾ ಇಕಿ? ನನ್ನ ಹೇಣ್ತಿ ಬರೂತನಕ ಗ್ವಾಡಿ ಮ್ಯಾಲಿನ ಮೊಳಿ ಖಾಲಿ ಇರಲಿ' ಅಂದ್ರು."

"ಮೂರು ಚುಕ್ಕೆ ತಾನೆ? ಎರಡು ನಿಮಿಷದ ಕೆಲಸ, ಇಟ್ಟುಬಿಡಮ್ಮ" ಎಂದರು ವಾಸುದೇವರಾವ್ ತೆಲುಗಿನಲ್ಲಿ.

"ಎಲ್ಲಿ ಅಂತ ಇಡಲಿ ಸಾರ್?" ಎಂದು ತೆಲುಗಿನಲ್ಲೇ ಕೇಳಿದ ಶರ್ವರಿ ಹೇಮಂತನ ಕಡೆ ತಿರುಗಿ ಕನ್ನಡಕ್ಕೆ ಬಂದಳು. "ಅಂದಾಜಿಲೆ ಇಟ್ರ ಅದೂ ಸುಳ್ಳಾಗತೈತ್ರಿ. ಇದ್ದ ಜಾಗದಾಗ ಇಡಬೇಕು. ಮನ್ಯಾಗ ಬ್ಯಾರೆ ಫೋಟೊ ಅದಾವೇನು?"

ಅವನು ಮೊದಲ ಬಾರಿ ಅವಳನ್ನು ಸರಿಯಾಗಿ ನೋಡಿದ.

"ಅದಾವ... ಆದ್ರ..."

"ಭಾನುವಾರ ನಾನು ಬರ್ತೀನಿ. ವಿಳಾಸ ಬಿಲ್ಲಿನ ಮ್ಯಾಲ ಐತಿ."

ಅವನು ಮೆಟ್ಟಿಲಿಳಿದ ಮೇಲೆ ಶರ್ವರಿ ತನ್ನ ಕುರ್ಚಿಗೆ ಮರಳಿದಳು. ಎದುರಿನ ಪರದೆಯಲ್ಲಿ ಅಮೆರಿಕಕ್ಕೆ ಹೊರಟ ವರನೊಬ್ಬನ ಫೋಟೊ, ಅವಳು ಕೋಟು ತೊಡಿಸಲೆಂದು ಕಾಯುತ್ತಿತ್ತು. ಅದು ೨೦೦೫. ಹೈಟೆಕ್ ಸಿಟಿಯಲ್ಲಿ ಕೆಲಸ ಸಿಕ್ಕವರೆಲ್ಲ ಮದುವೆಯ ಫೋಟೊಗೆ ಕೋಟು ಕೇಳುತ್ತಿದ್ದರು. ಶರ್ವರಿಯ ಕಂಪ್ಯೂಟರಿನಲ್ಲಿ ಮೂರೇ ಕೋಟುಗಳಿದ್ದವು, ನಗರದ ಎಷ್ಟೋ ವರರು ಅವನ್ನೇ ತೊಟ್ಟಿದ್ದರು. ವಧುಗಳ ಬಣ್ಣ ತಿಳಿಯಾಗುತ್ತಿತ್ತು, ಕಣ್ಣ ಕೆಳಗಿನ ಕಪ್ಪು ಮಾಯವಾಗುತ್ತಿತ್ತು. ಅಳಿಸುವುದೇ ಕೈಯ ಅಭ್ಯಾಸವಾಗಿತ್ತು.

'ಅಳಿಸಿದ್ದನ್ನು ತರುವುದು ಒಮ್ಮೆಯೂ ಮಾಡಿಲ್ಲ... ಈಗ ಮಾಡಬೇಕು.'

*

ಕುಷಾಯಿಗೂಡದ ಮನೆಯ ಬಾಗಿಲಲ್ಲಿ ಹೇಮಂತನ ಅಪ್ಪ ಮಲ್ಲಿಕಾರ್ಜುನ ನಿಂತಿದ್ದರು. ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಫಿಟ್ಟರ್ ಆಗಿದ್ದು ನಿವೃತ್ತರಾದವರು.

"ಬಾ ಯವ್ವಾ, ಬಾ. ಕತ್ತಿ ಎಲ್ಲಿ ಕಟ್ಟಿ ಬಂದಿ?"

ಶರ್ವರಿ ಹೇಮಂತನ ಕಡೆ ನೋಡಿದಳು. ಅವನು ಚಾವಣಿಯ ಫ್ಯಾನು ನೋಡುತ್ತಿದ್ದ.

"ಬಸ್ ಸ್ಟಾಪಿಗೆ ಕಟ್ಟಿ ಬಂದೀನ್ರಿ. ಹುಲ್ಲು ನಿಮ್ಮ ಮಗ ಹಾಕ್ತಾರಂತ."

ಮಲ್ಲಿಕಾರ್ಜುನ ಗಟ್ಟಿಯಾಗಿ ನಕ್ಕರು. ಹೇಮಂತನೇ ಚಹಾ ಮಾಡಿ ತಂದ. ಸಕ್ಕರೆ ಹೆಚ್ಚಾಗಿತ್ತು, ಅವಳು ಏನೂ ಹೇಳದೆ ಕುಡಿದಳು.

"ಭಾಳ ಸಿಹಿ ಆಗೇತಿ ಅಲ್ರಿ?"

"ಪಾಯಸ ಅಂತ ತಿಳಕೊಂಡು ಕುಡಿಯಾಕತ್ತೀನಿ."

ಅವನು ತಲೆ ಕೆರೆದುಕೊಂಡ. ಆಮೇಲೆ ಮೆಲ್ಲಗೆ ಹೇಳಿದ: "ಅವ್ವ ಹೋದಮ್ಯಾಲ ಈ ಮನ್ಯಾಗ ಮಾತ ನಿಂತಾವು. ನಾ ಮಣಿಕೊಂಡದ ರೂಮಿನಿಂದ ವಾರಕ್ಕೊಮ್ಮೆ ಬರ್ತೀನಿ. ಅಪ್ಪ ಟಿವಿ ನೋಡ್ತಾರ, ನಾ ಅಪ್ಪನ್ನ ನೋಡ್ತೀನಿ. ಇವತ್ತ ಏನೋ ಮನಿ ಮನಿ ಅನಸಾಕತ್ತೈತಿ."

ಶರ್ವರಿಯ ಎದೆಯಲ್ಲಿ ಏನೋ ಹಗುರಾಗಿ ಅಲುಗಿತು. ಅವಳು ತಕ್ಷಣ ಫೋಟೊಗಳ ಕಡೆ ತಿರುಗಿದಳು.

ಚಾಪೆಯ ಮೇಲೆ ಅವನ್ನು ವರ್ಷದ ಪ್ರಕಾರ ಜೋಡಿಸಿದಳು. ಯಮುನಾಬಾಯಿಯ ಮುಖ ಸ್ಪಷ್ಟವಾಗಿ ಕಾಣುವ ಫೋಟೊ ಎರಡೇ ಇದ್ದವು, ಎರಡೂ ಬಣ್ಣದವು: ೧೯೮೯ರಲ್ಲಿ ಒಂದು, ೧೯೯೪ರಲ್ಲಿ ಒಂದು. ಎರಡರಲ್ಲೂ ಗದ್ದದ ಮೇಲೆ ಬೊಟ್ಟಿರಲಿಲ್ಲ. ಗದ್ದ ಮಾತ್ರ ಉಳಿದ ಮುಖಕ್ಕಿಂತ ಒಂದು ಛಾಯೆ ಬೆಳ್ಳಗಿತ್ತು.

"ಪೌಡರ್ ಹಚ್ಯಾರ" ಎಂದಳು ಶರ್ವರಿ. "ಗದ್ದಕ್ಕಷ್ಟ. ಮೊದಲಿಂದ ಹಿಂಗ ಹಚ್ಚಗೊಳ್ಳತಿದ್ರೇನ್ರಿ?"

"ಇಲ್ಲವ್ವ. ಎಂಬತ್ತೆಂಟರಾಗ ಶುರು ಆತು." ಮಲ್ಲಿಕಾರ್ಜುನ ಅಷ್ಟು ಹೇಳಿ ಕಪ್ಪಿನ ತಳ ನೋಡುತ್ತ ಕುಳಿತರು.

ಶರ್ವರಿ ಹೇಮಂತನನ್ನು ಕೇಳಿದಳು: "ಅವರಿಗೆ ಯಾರಾದ್ರೂ ಏನಾದ್ರೂ ಅಂದಿದ್ರೇನು?"

ಹೇಮಂತ ಆಲ್ಬಮ್ ಮುಚ್ಚಿದ.

"ನೀವು ಫೋಟೊ ತಿದ್ದಾಕ ಬಂದೀರಿ. ನಮ್ಮ ಮನಿತನ ತಿದ್ದಾಕ ಅಲ್ಲ."

ಚಪ್ಪಲಿ ಮೆಟ್ಟಿ ಹೊರಗೆ ಹೋದವನು ತಿರುಗಿ ಬರಲಿಲ್ಲ.

ಶರ್ವರಿ ಚಾಪೆಯ ಮೇಲಿನ ಫೋಟೊಗಳನ್ನು ಒಟ್ಟುಗೂಡಿಸಿದಳು. ಮಲ್ಲಿಕಾರ್ಜುನ ಎರಡೂ ಫೋಟೊಗಳನ್ನು ಕರವಸ್ತ್ರದಲ್ಲಿ ಸುತ್ತಿ ಅವಳ ಕೈಗೆ ಕೊಟ್ಟರು.

"ಅಂವಂದು ಬಿಡು. ನೀ ಒಯ್ಯಿ. ಆಕಿನ್ನ ಕರಕೊಂಡು ಬಾ."

*

ಮಂಗಳವಾರ ಸ್ಟುಡಿಯೋಗೆ ಹೇಮಂತನ ಫೋನ್ ಬಂತು.

"ಆ ಕೆಲಸ ಬಿಡ್ರಿ. ಮೊದಲ ಕೊಟ್ಟಿದ್ದ ಇರ್ಲಿ, ಅದನ್ನ ತೂಗ ಹಾಕ್ತೀವಿ. ಶನಿವಾರ ಬಂದು ಆ ಎರಡು ಫೋಟೊ ಒಯ್ತೀನಿ."

"ನಿಮ್ಮಪ್ಪಾರು ಒಪ್ಯಾರೇನು?"

ಆ ಕಡೆಯಿಂದ ಫೋನ್ ಕಟ್ಟಾಯಿತು.

'ಅವ್ವನ ಬೊಟ್ಟಿನ ಬಗ್ಗೆ ನಾಚಿಕೆಯೇ ಇವನಿಗೆ? ಹಾಗಿದ್ದರೆ ಅಷ್ಟು ಸಿಟ್ಟು ಮಾಡಿಕೊಂಡು ಬಂದದ್ದಾದರೂ ಯಾಕೆ?' ಶರ್ವರಿಗೆ ಅವನು ಅರ್ಥವಾಗಲಿಲ್ಲ. ಆದರೆ ಒಂದು ಮಾತು ಖಚಿತವಿತ್ತು. ಅಳಿಸಿದವಳು ತಾನು. ಅವನು ಬಿಡು ಎಂದ ಮಾತ್ರಕ್ಕೆ ತಪ್ಪು ಸರಿಯಾಗುವುದಿಲ್ಲ.

ಊಟದ ಬಿಡುವಿನಲ್ಲಿ ಡಬ್ಬಿ ಪಕ್ಕಕ್ಕೆ ಸರಿಸಿ, ಎರಡೂ ಫೋಟೊ ಸ್ಕ್ಯಾನ್ ಮಾಡಿಕೊಂಡು ಕೂತಳು. ಬುಧವಾರ ಬರೀ ಕಾಗದದ ಒರಟು ಕಂಡಿತು. ಗುರುವಾರವೂ ಅಷ್ಟೇ. ಶುಕ್ರವಾರ ಅವಳಿಗೆ ಹೊಳೆಯಿತು: ಬಣ್ಣದ ಚಿತ್ರ ಕಂಪ್ಯೂಟರಿನಲ್ಲಿ ಕೆಂಪು, ಹಸಿರು, ನೀಲಿ ಎಂದು ಮೂರು ಪದರಗಳಾಗಿರುತ್ತದೆ. ಹಚ್ಚೆಯ ಬಣ್ಣ ಹಸಿರು. ಹಸಿರಾದದ್ದು ಕೆಂಪು ಪದರದಲ್ಲಿ ಕಪ್ಪಾಗಿ ಕಾಣಬೇಕು, ಮೇಲೆ ತೆಳ್ಳನೆ ಪೌಡರ್ ಇದ್ದರೂ.

೧೯೮೯ರ ಫೋಟೊದಲ್ಲಿ ಉಳಿದೆರಡು ಪದರ ಮುಚ್ಚಿದಳು. ಕೆಂಪು ಪದರವನ್ನು ಮಾತ್ರ ಉಳಿಸಿ, ಕಪ್ಪನ್ನು ಒಂದೊಂದೇ ಅಂಶ ಹೆಚ್ಚಿಸಿದಳು.

ಮಂಜಿನೊಳಗಿಂದ ಯಾರೋ ನಡೆದು ಬಂದಂತೆ, ಗದ್ದದ ಮೇಲೆ ಮೂರು ಬೊಟ್ಟು ಮೂಡಿದವು.

ಶರ್ವರಿ ಪರದೆಯ ಹತ್ತಿರ ಬಾಗಿದಳು. ಮೂರರ ಪಕ್ಕದಲ್ಲಿ ಇನ್ನೊಂದಿತ್ತು. ತೀರಾ ಮಸುಕು, ಅರ್ಧ ಮಾತ್ರ.

"ಅದು ಧೂಳು, ತೆಗೆ" ಎಂದರು ಹಿಂದೆ ನಿಂತಿದ್ದ ವಾಸುದೇವರಾವ್.

"ಮೊನ್ನೆಯೂ ಹೊಲಸು ಅಂತಲೇ ತೆಗೆದದ್ದು ಸಾರ್" ಎಂದಳು ಶರ್ವರಿ ತೆಲುಗಿನಲ್ಲಿ.

೧೯೯೪ರ ಫೋಟೊ ತೆರೆದಳು. ಅಲ್ಲೂ ಮೂರು, ಪಕ್ಕದಲ್ಲಿ ಅರ್ಧ. ತುಟಿಯ ಅಂಚಿನಿಂದ ಅಳೆದಳು, ಎರಡರಲ್ಲೂ ಒಂದೇ ಜಾಗ. ಒಂದು ಫೋಟೊದಲ್ಲಿದ್ದರೆ ಧೂಳು ಇರಬಹುದು. ಐದು ವರ್ಷದ ಅಂತರದ ಎರಡು ಫೋಟೊದಲ್ಲೂ ಒಂದೇ ಕಡೆ ಇದ್ದರೆ ಅದು ಮುಖದ ಮೇಲೆಯೇ ಇದ್ದದ್ದು.

ಆ ಅಳತೆಗೆ ಸರಿಯಾಗಿ ಹಸಿರು ಸೀರೆಯ ಯಮುನಾಬಾಯಿಯ ಗದ್ದದ ಮೇಲೆ ಬೊಟ್ಟಿಟ್ಟಳು. ಮೂರು, ಮತ್ತು ಅರ್ಧ. ಹಳೇ ಹಚ್ಚೆ ಅಂಚಿನಲ್ಲಿ ಕೊಂಚ ಹರಡಿಕೊಳ್ಳುತ್ತದೆ. ಅಜ್ಜಿಯ ಕೈ ನೆನೆದು ಹಾಗೆಯೇ ಹರಡಿದಳು.

*

ಶನಿವಾರ ಮಧ್ಯಾಹ್ನ ಹೇಮಂತ ಬಂದಾಗ ಅವಳು ಕೂರಲೂ ಹೇಳಲಿಲ್ಲ. ಪರದೆಯನ್ನು ಅವನ ಕಡೆ ತಿರುಗಿಸಿದಳು.

"ಇದು ಎಂಬತ್ತೊಂಬತ್ತರದು. ಪೌಡರ್ ಹಚ್ಯಾರ. ಹೌದಲ್ರಿ?" ಒಂದು ಗುಂಡಿ ಒತ್ತಿದಳು. "ಈಗ ನೋಡ್ರಿ."

ಬೊಟ್ಟುಗಳು ಮೂಡಿದವು.

ಹೇಮಂತ ಸ್ಟೂಲು ಎಳೆದುಕೊಂಡು ಕುಳಿತ. ಕೆಳಗೆ ರಸ್ತೆಯಲ್ಲಿ ಆಟೋಗಳ ಗದ್ದಲ, ಕಂಡಕ್ಟರನ ಸೀಟಿ.

"ನಾನ ಅಂದಿದ್ದು" ಎಂದ ಕೊನೆಗೆ. "ಯಾರೋ ಅಂದಿದ್ರೇನು ಅಂತ ಕೇಳಿದ್ರಲ್ಲ... ನಾನ."

ಶರ್ವರಿ ಮೌಸ್ ಬಿಟ್ಟು ಅವನ ಕಡೆ ತಿರುಗಿದಳು.

"ನಾಕನೇ ಕ್ಲಾಸಿನಾಗ ಇದ್ದೆ. ಇಂಗ್ಲಿಷ್ ಶಾಲಿ. ಅವ್ವ ಡಬ್ಬಿ ಕೊಡಾಕ ಬರ್ತಿದ್ಲು. ಹುಡುಗರೆಲ್ಲಾ 'ನಿಮ್ಮಮ್ಮ ಮಾರಿ ತೊಳಕೊಳ್ಳೂದಿಲ್ಲೇನು, ಗದ್ದಕ್ಕ ಹೊಲಸು ಹತ್ತೇತಿ' ಅಂದ್ರು. ಮನಿಗೆ ಬಂದು, ನೀ ಶಾಲಿಗೆ ಬರಬ್ಯಾಡ ಅಂದೆ. ಆಕಿ ಏನೂ ಅನಲಿಲ್ಲ. ಮರುದಿನ ಪೌಡರ್ ಹಚ್ಚಗೊಂಡು ಬಂದ್ಲು. ಹದಿನಾರು ವರ್ಷ ಹಚ್ಚಗೊಂಡ್ಲು... ಬ್ಯಾಡವ್ವ ಅಂತ ಒಂದ ದಿನಾನೂ ನಾ ಹೇಳಲಿಲ್ಲ. ನಾಳೆ ಹೇಳೋಣ, ನಾಳೆ ಹೇಳೋಣ ಅಂತ..."

ಅವನು ಮುಖ ತಿರುಗಿಸಿದ.

"ಅವತ್ತ ನಿಮ್ಮ ಬಾಯಾಗೂ ಅದ ಮಾತು ಬಂತು. ಸಿಟ್ಟು ನಿಮ್ಮ ಮ್ಯಾಲ ಬಂದಿದ್ದಲ್ರಿ."

ಶರ್ವರಿಗೆ ಅವನ ಕೈ ಹಿಡಿಯಬೇಕೆನ್ನಿಸಿತು. ಹಿಡಿಯಲಿಲ್ಲ. ಸುಳ್ಳು ಸಮಾಧಾನವನ್ನೂ ಹೇಳಲಿಲ್ಲ.

"ಮನ್ಯಾಗ ಇರೋವಾಗ ಹಚ್ಚಗೊಳ್ಳತಿದ್ರೇನು?"

"ಇಲ್ಲ. ಹೊರಗ ಹೋಗಾಗಷ್ಟ."

"ಹಂಗಾದ್ರ ಅವರಿಗೆ ಬೊಟ್ಟಿಂದು ನಾಚಿಕಿ ಇರಲಿಲ್ಲ. ನೀವು ತಲಿ ತಗ್ಗಸಬಾರದು ಅಂತ ಹಚ್ಚಗೊಂಡಾರ. ನಿಮ್ಮಪ್ಪಾರಿಗೆ ಹೇಳೀರೇನು ಇದನ್ನ?"

"ಹೆಂಗ ಹೇಳ್ಲಿ?"

"ನನಗ ಹೇಳಿದಂಗ. ಫೋಟೊ ನಾ ತಿದ್ದಿ ಕೊಟ್ಟೀನಿ. ಅದನ್ನ ತಿದ್ದಾಕ ನನ್ನ ಕಂಪ್ಯೂಟರಿಗೆ ಬರೂದಿಲ್ಲ."

ಅವನು ತಲೆಯಾಡಿಸಿದ. ಅವನ ಕಣ್ಣು ಇನ್ನೂ ಒದ್ದೆಯಾಗಿತ್ತು. ಶರ್ವರಿಗೆ ತಡೆಯಲಾಗಲಿಲ್ಲ.

"ನೀವೊಬ್ಬರ ಅಲ್ರಿ ಹಿಂಗ. ದಿನಾ ಹತ್ತು ಹುಡುಗ್ಯಾರ ಬಣ್ಣ ತಿಳಿ ಮಾಡ್ತೀನಿ. ಹೋದ ತಿಂಗಳ ವಧು-ವರ ಕೇಂದ್ರಕ್ಕ ನನ್ನ ಫೋಟೊ ಕೊಡಬೇಕಿತ್ತು. ನನ್ನ ಮೂಗು ನಾನ ಸಣ್ಣ ಮಾಡಿ ಕೊಟ್ಟೀನಿ."

ಹೇಮಂತ ಅವಳ ಮೂಗನ್ನು ನೋಡಿದ. ನೋಡುತ್ತಲೇ ಉಳಿದ.

"ಯಾಕ್ರಿ? ಏನಾಗೇತಿ ಅದಕ್ಕ?"

ಈ ಸಲ ಕಿವಿ ಕೆಂಪಾದದ್ದು ಶರ್ವರಿಯದು.

*

ಮರುದಿನ ವರ್ಷದ ಕಾರ್ಯಕ್ಕೆ ಶರ್ವರಿ ತಾನೇ ಫ್ರೇಮ್ ತಂದಳು. ಮಲ್ಲಿಕಾರ್ಜುನ ಕನ್ನಡಕ ಒರೆಸಿ ಹಾಕಿಕೊಂಡರು. ಫೋಟೊವನ್ನು ಬೆಳಕಿಗೆ ಹಿಡಿದರು. ಹೆಬ್ಬೆರಳು ಗದ್ದದ ಮೇಲೆ ಮೆಲ್ಲಗೆ ಸರಿಯಿತು. ಒಂದು. ಎರಡು. ಮೂರು. ಆಮೇಲೆ ನಿಂತುಬಿಟ್ಟಿತು.

ಶರ್ವರಿ ಅವರ ಬೆರಳನ್ನೇ ನೋಡಿದಳು. ತಪ್ಪಾಯಿತೇ? ಅದು ಧೂಳೇ ಆಗಿತ್ತೇ?

"ಇದು ನಿನಗ ಹೆಂಗ ಗೊತ್ತಾತು ಯವ್ವಾ?" ಎಂದು ಕೇಳಿದರು. "ಐದು ಬೊಟ್ಟು ಹಾಕೂದಿತ್ತಂತ. ನಾಕನೇದು ಚುಚ್ಚಾಗ ನೋವು ತಾಳಲಾರದ ಎದ್ದು ಓಡಿದ್ಲಂತ ನಮ್ಮಾಕಿ. ಅರ್ಧಕ್ಕ ಉಳೀತು. ಲಗ್ನಾದ ಹೊಸದಾಗ ನನಗೊಬ್ಬಂಗ ಹೇಳಿದ್ಲು, ಮಂದಿಗೆ ಮೂರ ಅಂತ ಹೇಳ್ರಿ ಅಂದಿದ್ಲು."

ಅವರು ನಗುತ್ತಿದ್ದರು. ಕಣ್ಣೀರು ಕನ್ನಡಕದ ಕೆಳಗಿನಿಂದ ಇಳಿಯುತ್ತಿತ್ತು.

"ಇಕಿ ನಮ್ಮಾಕಿ ಖರೇ."

ಹೇಮಂತ ಮುಂದೆ ಬಂದ. "ಅಪ್ಪಾ, ನಿಮಗೊಂದು ಹೇಳೂದೈತಿ. ಅವ್ವ ಪೌಡರ್ ಹಚ್ಚಗೊಳ್ಳಾಕ ಶುರು ಮಾಡಿದ್ದು..."

"ಗೊತ್ತೈತಿ."

ಹೇಮಂತ ದಿಗ್ಭ್ರಮೆಯಿಂದ ನೋಡಿದ.

"ಪೌಡರ್ ಡಬ್ಬಿ ತಂದು ಕೊಡ್ತಿದ್ದಾಂವ ನಾನ ಅಲ್ಲೇನೋ? ಹುಡುಗನ್ನ ಬಯ್ಯಬ್ಯಾಡ್ರಿ, ಒಂದಿನ ತಾನ ಹೇಳ್ತಾನ ಅಂದಿದ್ಲು. ಆಕಿ ಇದ್ದಾಗ ನೀ ಹೇಳಲಿಲ್ಲ. ಇವತ್ತ ಹೇಳಾಕ ಬಂದಿ, ಆಕಿ ಮುಂದ." ಅವರು ಮಗನ ಹೆಗಲ ಮೇಲೆ ಕೈಯಿಟ್ಟರು. "ಮೊಳಿ ಎಲ್ಲೈತಿ ನೋಡು. ತೂಗ ಹಾಕೋಣು."

*

ಸಂಜೆ ಬಸ್ ಸ್ಟಾಪಿನವರೆಗೆ ಹೇಮಂತ ಜೊತೆಗೆ ಬಂದ. ಕೋಠಿಯ ಬಸ್ಸೊಂದು ಬಂದು ಹೋಯಿತು. ಶರ್ವರಿ ಹತ್ತಲಿಲ್ಲ, ಅವನೂ ಹತ್ತಿ ಎಂದು ಹೇಳಲಿಲ್ಲ.

"ಆ ವಧು-ವರ ಕೇಂದ್ರದವರು ಏನಂದ್ರು?" ಎಂದು ಕೇಳಿದ, ರಸ್ತೆಯ ಕಡೆ ನೋಡುತ್ತ.

"ಎರಡು ಕಡೆಯಿಂದ ಕೇಳ್ಯಾರಂತ. ಸಣ್ಣ ಮೂಗಿನ ಹುಡುಗಿನ್ನ."

"ಫೋಟೊ ತಿರುಗಿ ಇಸಗೋರಿ."

"ಯಾಕ?"

"ಆ ಹುಡುಗಿನ್ನ ನಾ ನೋಡಿಲ್ಲ. ನನಗ ಈ ಹುಡುಗಿ ಬೇಕು." ದನಿ ಗಟ್ಟಿಯಾಗಿತ್ತು. "ಹದಿನಾರು ವರ್ಷ ನಾಳೆ ನಾಳೆ ಅಂದು ಕೆಟ್ಟೀನಿ. ಇದನ್ನ ನಾಳೆ ಹೇಳೂದಿಲ್ಲ. ನೀವು ಒಪ್ಪಿದ್ರ, ಅಪ್ಪನ್ನ ಕರಕೊಂಡು ನಿಮ್ಮ ಮನಿಗೆ ಬರ್ತೀನಿ."

ಶರ್ವರಿಯ ಕಣ್ಣು ತುಂಬಿ ಬಂತು. ಅವಳು ಹೌದೆಂಬಂತೆ ತಲೆಯಾಡಿಸಿದಳು.

"ಹಂಗ ಅಲ್ರಿ. ಬಾಯಿ ಬಿಟ್ಟು ಹೇಳ್ರಿ."

"ಬರ್ರಿ" ಎಂದಳು. "ಚಾ ಮಾತ್ರ ನಾನ ಮಾಡ್ತೀನಿ."

ಅವನು ನಕ್ಕು ಜೇಬಿನಿಂದ ಹೊಸ ಕ್ಯಾಮೆರಾ ಮೊಬೈಲ್ ತೆಗೆದ. "ಒಂದು ನಿಮಿಷ ಹಿಂಗ ನಿಂದರ್ರಿ." ಕ್ಲಿಕ್ಕಿಸಿ, ಪುಟ್ಟ ಪರದೆಯನ್ನು ಅವಳ ಮುಂದೆ ಹಿಡಿದ.

ಶರ್ವರಿ ಕಣ್ಣೊರೆಸಿಕೊಂಡು ಬಗ್ಗಿ ನೋಡಿದಳು.

"ಮೂಗು ದೊಡ್ಡದು ಬಂದೈತ್ರಿ."

"ಇದ್ದಷ್ಟ ಬಂದೈತಿ."

"ಕಂಪ್ಯೂಟರಿಗೆ ಹಾಕಿ ಕೊಡ್ಲೇನು?"

ಅವನು ಫೋನನ್ನು ಅಂಗಿಯ ಜೇಬಿಗಿಟ್ಟು, ಅದರ ಮೇಲೆ ಕೈಯಿಟ್ಟುಕೊಂಡ.

"ಕೊಡ್ರಿ. ಬ್ಯಾಕಪ್ ಅಂತ ಇಡ್ರಿ. ಕೈ ಮಾತ್ರ ಹಚ್ಚಬ್ಯಾಡ್ರಿ."